ದಂಡಿಗೆ ಹೋದವನ ಹೊಲ

(ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ನಿಮ್ಮೆದುರು ನಿಂತಾಗಲೆಲ್ಲ ಬೀಜ, ಗೊಬ್ಬರ, ಕೀಡೆಗಳ ಮಾತನ್ನೇ ಆಡುತ್ತೇನೆ. ಇಂದು ಬೇರೊಂದು ಸಂಗತಿಯನ್ನು ಹೇಳಬೇಕಾಗಿದೆ. ಈಚೆಗೆ ಊರಿನ ಇಬ್ಬರು ಹುಡುಗರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, “ಸಾಹೇಬ್ರ, ಬೆಳಗಾವ್ಯಾಗ ಟಿ.ಎ. ಭರ್ತಿ ಆಗತೈತಂತ. ಹೋಗೂಣೋ ಬ್ಯಾಡೋ?” ಎಂದು ಕೇಳಿದರು. ಆ ಹುಡುಗರಲ್ಲಿ ಒಬ್ಬನಿಗೆ ಹುಬ್ಬಳ್ಳಿಯ ಕಾರಖಾನೆಯೊಂದರಲ್ಲಿ ಕೆಲಸ. ಇನ್ನೊಬ್ಬನಿಗೆ ಎರೆಹೊಲವೇ ಕೆಲಸ. ಪ್ರಶ್ನೆ ಒಂದೇ ಆದರೂ ಉತ್ತರ ಇಬ್ಬರಿಗೂ ಒಂದೇ ಅಲ್ಲ. ಅದಕ್ಕೇ “ನಾಲ್ಕು ಮಂದಿಯ ಮುಂದೆ ಹೇಳುತ್ತೇನೆ, ಸಭೆಗೆ ಬನ್ನಿರಿ” ಎಂದೆ. ಅವರೂ ಬಂದಿದ್ದಾರೆ, ಅವರ ತಾಯಿ ತಂದೆಗಳೂ ಬಂದಿದ್ದಾರೆ. ತಾಯಂದಿರು ಬಂದದ್ದು ಬಹಳ ಒಳ್ಳೆಯದಾಯಿತು. ಏಕೆಂಬುದು ಮುಂದೆ ತಿಳಿಯುತ್ತದೆ.

ದಂಡು ನಮ್ಮ ಜಿಲ್ಲೆಗೆ ಹೊಸದಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವು ಬೆಳಗಾವಿಯಲ್ಲಿದೆ. ನಮ್ಮ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿ ತಿಂಗಳಲ್ಲಿ ಸಿಯಾಚಿನ್ನಿನ ಹಿಮದಡಿಯಲ್ಲಿ ಸಿಕ್ಕು, ಆರು ದಿನಗಳ ತರುವಾಯ ಜೀವಂತವಾಗಿ ಹೊರಬಂದು, ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ನೀವಾರೂ ಮರೆತಿಲ್ಲ. ಅವರು ಪೂರ್ಣಾವಧಿಯ ಸೈನಿಕರು. ನಾನು ಇಂದು ಹೇಳುವುದು ಇನ್ನೊಂದು ಬಗೆಯ ಸೈನಿಕನ ವಿಷಯ. ಅವನು ವರ್ಷದ ಹೆಚ್ಚಿನ ತಿಂಗಳು ನಿಮ್ಮ ನಮ್ಮಂತೆಯೇ ಊರಲ್ಲಿರುತ್ತಾನೆ, ಕರೆ ಬಂದಾಗ ಸಮವಸ್ತ್ರ ತೊಟ್ಟು ಹೋಗುತ್ತಾನೆ, ಕೆಲಸ ಮುಗಿದ ಮೇಲೆ ತಿರುಗಿ ಬರುತ್ತಾನೆ.

ಪ್ರಾದೇಶಿಕ ಸೇನೆ ಎಂದರೇನು?

ಇದಕ್ಕೆ ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿ, ಎಂದು ಹೆಸರು. ಜನರ ಬಾಯಲ್ಲಿ ಟಿ.ಎ. ಎಂದಾಗಿದೆ. ಇದರ ಕಾಯಿದೆ ಆದದ್ದು 1948ರಲ್ಲಿ. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಇದನ್ನು ಉದ್ಘಾಟಿಸಿದರು. 1962, 1965, 1971ರ ಯುದ್ಧಗಳಲ್ಲಿ ಈ ಸೇನೆಯ ದಳಗಳು ಕೆಲಸ ಮಾಡಿವೆ. ನಮಗೆ ಹತ್ತಿರದ್ದೆಂದರೆ ಬೆಳಗಾವಿಯಲ್ಲಿರುವ 115ನೆಯ ಮಹಾರ ಪದಾತಿ ದಳ. ಕೊಲ್ಹಾಪುರದಲ್ಲಿ ಮರಾಠಾ ದಳವೊಂದಿದೆ, ಬೆಂಗಳೂರಿನಲ್ಲಿ 106ನೆಯ ಪ್ಯಾರಾ ದಳವಿದೆ. ಕ್ರಿಕೆಟ್ ಆಟಗಾರ ಧೋನಿಯವರು 2019ರಲ್ಲಿ ಎರಡು ವಾರ ಕಾಶ್ಮೀರದಲ್ಲಿ ಕೆಲಸ ಮಾಡಿದ್ದು ಈ 106ನೆಯ ದಳದೊಡನೆಯೇ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಇದು ಹೊಟ್ಟೆಪಾಡಿನ ನೌಕರಿಯಲ್ಲ. ಹಾಗೆಂದು ಸೇನೆಯವರೇ ಹೇಳುತ್ತಾರೆ. ಇದಕ್ಕೆ ಸೇರುವವನಿಗೆ ತನ್ನದೇ ಆದ ಉದ್ಯೋಗವೊಂದು ಇರಲೇಬೇಕು. ಅದು ನೌಕರಿಯಾಗಿರಬಹುದು, ಅಂಗಡಿಯಾಗಿರಬಹುದು, ಒಕ್ಕಲುತನವಾಗಿರಬಹುದು. ಶಿಬಿರದಲ್ಲಿದ್ದಷ್ಟು ದಿನ ಅಥವಾ ಕರೆಯ ಮೇಲೆ ಸೇವೆಯಲ್ಲಿದ್ದಷ್ಟು ದಿನ ಸೈನಿಕನ ಪಗಾರ ಸಿಗುತ್ತದೆ. ಮನೆಗೆ ಬಂದ ಮೇಲೆ ಪಗಾರವಿಲ್ಲ. ಪಿಂಚಣಿಗೆ ಲೆಕ್ಕಕ್ಕೆ ಬರುವುದು ನಿಜವಾಗಿ ಸೇವೆಯಲ್ಲಿ ಕಳೆದ ದಿನಗಳು ಮಾತ್ರ. ಜವಾನನಿಗೆ ಅಂಥ ದಿನಗಳು ಕೂಡಿ 15 ವರ್ಷವಾಗಬೇಕು. ಆದುದರಿಂದ “ಟಿ.ಎ. ಆದರೆ ಹೊಲ ಮಾರಿದರೂ ನಡೆದೀತು” ಎಂದು ಯಾರಾದರೂ ಹೇಳಿದರೆ ಅವರ ಮಾತಿಗೆ ಕಿವಿಗೊಡಬೇಡಿರಿ. ಹೊಲವಿದೆಯೆಂದೇ ನಿಮ್ಮನ್ನು ತೆಗೆದುಕೊಳ್ಳುವ ಸೇನೆ ಇದು.

ಈ ಸೇನೆ ಹುಟ್ಟಿದ ಕಾಲಕ್ಕೇ ಅದರಲ್ಲಿ ಎರಡು ಬಗೆ ಮಾಡಿದರು. ಪಟ್ಟಣದ ಘಟಕಗಳಿಗೆ ವಾರದ ಕೊನೆಯಲ್ಲಿ ಮತ್ತು ಸೂಟಿಯ ದಿನಗಳಲ್ಲಿ ಕವಾಯತು, ವರ್ಷಕ್ಕೊಮ್ಮೆ ಸಣ್ಣ ಶಿಬಿರ. ಹಳ್ಳಿಗಾಡಿನಿಂದ ಭರ್ತಿಯಾಗುವ ಘಟಕಗಳಿಗೆ ವರ್ಷದಲ್ಲಿ ಒಂದೇ ಸಲಕ್ಕೆ ಸುಮಾರು ಎರಡು ತಿಂಗಳ ತರಬೇತಿ. ಒಕ್ಕಲಿಗನು ವಾರಕ್ಕೊಮ್ಮೆ ಊರು ಬಿಟ್ಟು ಬರಲಾರ, ಆದರೆ ಕೆಲಸ ಸಡಿಲಾದಾಗ ಒಟ್ಟಿಗೆ ಎರಡು ತಿಂಗಳು ಬರಬಲ್ಲ ಎಂಬ ತಿಳುವಳಿಕೆ ಇದರ ಹಿಂದೆ ಇತ್ತು. ಆ ತಿಳುವಳಿಕೆ ಒಳ್ಳೆಯದೇ. ಆದರೆ ತರಬೇತಿಗೆ ತಿಂಗಳು ಗೊತ್ತು ಮಾಡಬಹುದೇ ಹೊರತು ಗಂಡಾಂತರಕ್ಕೆ ತಿಂಗಳು ಗೊತ್ತು ಮಾಡಲಾಗದು.

2025ರ ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿರಿ. ಗಡಿಯಲ್ಲಿ ಕಾಳಗ ನಡೆದಿತ್ತು. ಆಗ ಕೇಂದ್ರ ಸರಕಾರವು 1948ರ ನಿಯಮಾವಳಿಯ 33ನೆಯ ನಿಯಮದಂತೆ ಪ್ರಾದೇಶಿಕ ಸೇನೆಯನ್ನು ಕರೆಯುವ ಅಧಿಕಾರವನ್ನು ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟಿತು. 32 ಪದಾತಿ ದಳಗಳಲ್ಲಿ 14ನ್ನು ಸೇವೆಗೆ ತೊಡಗಿಸಲು ಒಪ್ಪಿಗೆ ಕೊಟ್ಟಿತು. ಅದೇ ತಿಂಗಳು 24ಕ್ಕೆ ಮುಂಗಾರಿ ಮಳೆ ವಾಡಿಕೆಗಿಂತ ಮೊದಲೇ ಕೇರಳವನ್ನು ಮುಟ್ಟಿತು. ನಮ್ಮಲ್ಲಿ ಇನ್ನೂ ಗೊಬ್ಬರ ಹರಡದವರೂ ಇದ್ದರು, ಹರಗದವರೂ ಇದ್ದರು. ದಂಡಿನ ಕರೆಯೂ ಮೋಡದ ಕರೆಯೂ ಹೀಗೆ ಒಂದೇ ತಿಂಗಳಲ್ಲಿ ಬರಬಹುದು. ಆಗ ಮನುಷ್ಯನು ಯಾವ ಕಡೆಗೆ ಓಡಬೇಕು?

ನೌಕರನಿಗೆ ಕಾಯಿದೆಯ ಆಸರೆ

ಮೊದಲು ನೌಕರಿಯವನ ಮಾತು. ಪ್ರಾದೇಶಿಕ ಸೇನೆಯ ಕಾಯಿದೆಯಲ್ಲಿ 7-ಎ ಎಂಬ ಕಲಮು ಇದೆ. ಅದರ ತಾತ್ಪರ್ಯವನ್ನು ಸರಳವಾಗಿ ಹೇಳುತ್ತೇನೆ. ಸೇನೆಯ ಕರೆಗೆ ಹೋಗಬೇಕಾದ ನೌಕರನಿಗೆ ಬೇಕಾದಷ್ಟು ರಜೆ ಕೊಡುವುದು ಮಾಲಕನ ಕರ್ತವ್ಯ. ಅವನು ತಿರುಗಿ ಬಂದ ಮೇಲೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದೂ ಮಾಲಕನ ಕರ್ತವ್ಯ. ಅದೂ ಹೇಗೆ? ಅವನು ನಡುವೆ ಹೋಗದೆಯೇ ಇದ್ದಿದ್ದರೆ ಯಾವ ಸ್ಥಿತಿಯಲ್ಲಿರುತ್ತಿದ್ದನೋ ಅದಕ್ಕಿಂತ ಕಡಿಮೆಯಾಗದಂತೆ. ಕರೆ ಬರುವ ಸುಳಿವು ಹಿಡಿದು, ಈ ಹೊಣೆ ತಪ್ಪಿಸಿಕೊಳ್ಳಬೇಕೆಂದೇ ಮೊದಲೇ ಕೆಲಸದಿಂದ ತೆಗೆದುಹಾಕಿದರೂ ಮಾಲಕನು ಪಾರಾಗಲಾರ.

ಮಾಲಕನು ಒಪ್ಪದಿದ್ದರೆ ಸರಕಾರ ಗೊತ್ತುಪಡಿಸಿದ ಅಧಿಕಾರಿಯ ಮುಂದೆ ವಿಷಯವನ್ನು ಇಡಬಹುದು. ಆ ಅಧಿಕಾರಿಯು ಎರಡೂ ಕಡೆಯ ಮಾತು ಕೇಳಿ, ಮತ್ತೆ ಕೆಲಸ ಕೊಡೆಂದು ಹೇಳಬಹುದು. ಇಲ್ಲವೆ ಹೆಚ್ಚೆಂದರೆ ಆರು ತಿಂಗಳ ಸಂಬಳದಷ್ಟು ಪರಿಹಾರ ಕೊಡಿಸಬಹುದು. ಪರಿಸ್ಥಿತಿ ನಿಜವಾಗಿಯೂ ಬದಲಾಗಿದ್ದರೆ ಮಾಲಕನಿಗೆ ವಿನಾಯಿತಿಯನ್ನೂ ಕೊಡಬಹುದು. ಆದೇಶವನ್ನು ಮೀರಿದವನಿಗೆ 1,000 ರೂಪಾಯಿಯವರೆಗೆ ದಂಡವಿದೆ. ಇಂದಿನ ದಿನಕ್ಕೆ ಅದು ದೊಡ್ಡ ಮೊತ್ತವಲ್ಲ, ಆದರೆ ಪರಿಹಾರದ ಹಣವನ್ನು ಅದರ ಮೇಲೆ ಕೊಡಲೇಬೇಕಾಗುತ್ತದೆ. ಪ್ರಾವಿಡೆಂಟ್ ಫಂಡಿನ ಹಕ್ಕನ್ನು ಕಾಯಲು 7-ಬಿ ಎಂಬ ಬೇರೊಂದು ಕಲಮು ಇದೆ.

ಇಷ್ಟೆಲ್ಲ ಇದ್ದರೂ, ಕಾಗದವಿಲ್ಲದವನಿಗೆ ಕಾಯಿದೆಯು ಕೈಹಿಡಿಯುವುದು ಕಷ್ಟ. ಇದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ.

ನಮ್ಮ ಮನೆಯ ಕಥೆ

ನನ್ನ ಅಣ್ಣ ಹುಬ್ಬಳ್ಳಿಯ ಒಂದು ಸಣ್ಣ ಕಾರಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ನಾಲ್ಕು ಎಕರೆ ಎರೆಹೊಲವೂ ಇತ್ತು. ಬೆಳಿಗ್ಗೆ ಬಸ್ಸು ಹತ್ತಿ ಹೋಗುವನು, ರವಿವಾರ ಹೊಲದಲ್ಲಿರುವನು. ಹೀಗಿರುವಾಗ ಪ್ರಾದೇಶಿಕ ಸೇನೆಗೆ ಸೇರಿದ. ಮೊದಲ ತರಬೇತಿಗೆ ಹೋಗುವಾಗ ಮಾಲಕರಿಗೆ ಬಾಯಿಮಾತಿನಲ್ಲಿ ಹೇಳಿದ. ಅವರು, “ಹೋಗಿ ಬಾರಪಾ, ದೇಶದ ಕೆಲಸ” ಎಂದು ಬೆನ್ನು ತಟ್ಟಿ ಕಳಿಸಿದರು. ಎರಡು ತಿಂಗಳ ಮೇಲೆ ಬಂದು ನೋಡಿದರೆ ಅವನ ಲೇತಿನ ಮುಂದೆ ಬೇರೊಬ್ಬ ನಿಂತಿದ್ದ. “ನೀನಾಗಿಯೇ ಬಿಟ್ಟು ಹೋದಿ, ನಾನೇನು ಮಾಡಲಿ?” ಎಂದರು ಮಾಲಕರು. ರಜೆಯ ಅರ್ಜಿ ಕೊಟ್ಟಿರಲಿಲ್ಲ, ಕರೆಯ ಕಾಗದದ ನಕಲು ಕೊಟ್ಟಿರಲಿಲ್ಲ, ಪಗಾರದ ಚೀಟಿಯೂ ಕೈಯಲ್ಲಿರಲಿಲ್ಲ. 7-ಎ ಕಲಮು ಇದೆಯೆಂಬುದು ಅವನಿಗೂ ಗೊತ್ತಿರಲಿಲ್ಲ, ಡಿಪ್ಲೊಮಾ ಓದಿದ ನನಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಕುಳಿತ. ಕೊನೆಗೆ ಬೇರೊಂದು ಕಡೆಗೆ ಕಡಿಮೆ ಪಗಾರಕ್ಕೆ ಸೇರಿಕೊಂಡ.

ಮಾಲಕರನ್ನು ನಾನು ಕೆಟ್ಟವರೆನ್ನಲಾರೆ. ಆರು ಆಳಿನ ಕಾರಖಾನೆಯಲ್ಲಿ ಒಬ್ಬನು ಎರಡು ತಿಂಗಳು ಇಲ್ಲವೆಂದರೆ ಅವರ ಕೆಲಸವೂ ನಿಲ್ಲುತ್ತದೆ. ಮೊದಲೇ ಕೂತು ಮಾತಾಡಿದ್ದರೆ, ತಾತ್ಪೂರ್ತಿಕವಾಗಿ ಒಬ್ಬನನ್ನು ಇಟ್ಟುಕೊಳ್ಳಿರೆಂದು ಬರೆದು ಕೊಟ್ಟಿದ್ದರೆ, ಇಬ್ಬರಿಗೂ ಮನಸ್ತಾಪವಾಗುತ್ತಿರಲಿಲ್ಲ.

ಇದು ನೌಕರಿ ಹೋದ ಕಥೆ. ಇನ್ನು ಹೊಲದ ಕಥೆಯಲ್ಲಿ ತಪ್ಪು ಪೂರ್ತಿ ನನ್ನದು. ಹೇಳಲು ನಾಚಿಕೆಯಾದರೂ ನಿಮ್ಮ ಹಿತಕ್ಕಾಗಿ ಹೇಳುತ್ತೇನೆ.

ಮುಂದಿನ ವರ್ಷ ಅಣ್ಣನಿಗೆ ಜುಲೈ ತಿಂಗಳ ಕೊನೆಗೆ ಕರೆ ಬಂತು. ಹೊಲದಲ್ಲಿ ಹೆಸರು ಹೂ ಕಚ್ಚಿತ್ತು. ನಾನು ಆಗಷ್ಟೇ ಈ ಕೆಲಸಕ್ಕೆ ಸೇರಿದ್ದೆ. “ನೀ ಏನೂ ಕಾಳಜಿ ಮಾಡಬ್ಯಾಡಣ್ಣಾ, ನಾ ಅದೀನಿ” ಎಂದು ಧೈರ್ಯ ಹೇಳಿ ಅವನನ್ನು ಕಳಿಸಿದೆ. ಆಗಸ್ಟ್ ತಿಂಗಳ ಮಧ್ಯಕ್ಕೆ ಕಾಯಿ ಕಪ್ಪಾಗತೊಡಗಿದವು. ನಮ್ಮ ವೈನಿ ಒಂದು ಸೋಮವಾರ ನನಗೆ, “ತಮ್ಮಾ, ಮೂಡಗಾಳಿ ನಿಂತೈತಿ, ನಾಳೆ ಆಳು ಹಚ್ಚಿ ಬಿಡಿಸಿಬಿಡೂಣು” ಎಂದರು. ನಾನು ಪುಸ್ತಕದ ಲೆಕ್ಕ ಹಾಕಿ, “ಇನ್ನೂ ಹಸಿರು ಕಾಯಿ ಬಹಳ ಅದಾವ, ಮೂರು ದಿನ ತಡೀರಿ” ಎಂದೆ. ಅಷ್ಟು ಹೇಳಿ ನನ್ನ ತಿರುಗಾಟಕ್ಕೆ ಬೇರೆ ಊರುಗಳಿಗೆ ಹೊರಟೆ. ಬುಧವಾರ ರಾತ್ರಿ ಮಳೆ ಹಿಡಿಯಿತು. ಎಂಟು ದಿನ ಬಿಡಲಿಲ್ಲ. ಒಂಬತ್ತನೆಯ ದಿನ ಹೊಲಕ್ಕೆ ಹೋಗಿ ನೋಡಿದರೆ ಕಾಯಿಯೊಳಗೇ ಕಾಳು ಮೊಳಕೆಯೊಡೆದಿದ್ದವು. ಬಿಡಿಸಿದ ಕೂಲಿಯೂ ಹುಟ್ಟಲಿಲ್ಲ. ಅಮರಗೋಳದ ಪೇಟೆಗೆ ಒಯ್ಯುವ ಮಾತೇ ಉಳಿಯಲಿಲ್ಲ. ದನಗಳ ಮುಂದೆ ಹಾಕಿದೆವು.

ವೈನಿ ನನ್ನನ್ನು ಬೈಯಲಿಲ್ಲ. “ತಮ್ಮಾ, ನೀ ಸಾಲಿ ಕಲತಿ, ನಾ ಹೊಲ ಕಲತೀನಿ” ಎಂದಷ್ಟೇ ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ಇದೆ. ಅಣ್ಣ ಶಿಬಿರದಿಂದ ಫೋನು ಮಾಡಿದಾಗ ಎರಡು ಸಲ ಸುಳ್ಳು ಹೇಳಿದೆ. ಮೂರನೆಯ ಸಲ ಹೇಳಲಾಗಲಿಲ್ಲ.

ಹೊಲಕ್ಕೆ ಮಾಲಕನಾರು?

ಬಂಧುಗಳೇ, ಈ ಎರಡು ಕಥೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿರಿ. ನೌಕರನ ಸ್ಥಳವನ್ನು ಕಾಯಲು ಒಂದು ಕಾಯಿದೆಯಿದೆ. ಕಾಗದ ಸರಿಯಿದ್ದರೆ ಅದು ಕಾಯುತ್ತದೆ. ಆದರೆ ಒಕ್ಕಲಿಗನಿಗೆ ರಜೆ ಕೊಡುವ ಮಾಲಕನು ಯಾರು? ಬಿತ್ತಿಗೆಯ ಹದ ಎರಡು ತಿಂಗಳು ಕಾಯುವುದಿಲ್ಲ. ಕಪ್ಪಾದ ಹೆಸರು ಕಾಯಿ ಎರಡು ದಿನವೂ ಕಾಯುವುದಿಲ್ಲ. ಮಳೆಗೆ 7-ಎ ಕಲಮಿನ ನೋಟೀಸು ಕೊಡಲು ಬರುವುದಿಲ್ಲ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ತಾನೇ ಊರಲ್ಲಿಲ್ಲದಾಗ ಏನು ಮಾಡುವುದೆಂದು ಗಾದೆ ಹೇಳುವುದಿಲ್ಲ. ಅದನ್ನು ನಾವೇ ಯೋಚಿಸಬೇಕು.

ನನ್ನ ಮನಸ್ಸಿಗೆ ಬಂದದ್ದು ಇಷ್ಟು. ನೌಕರನಿಗೆ ಕಾಯಿದೆ ಮಾಡುವ ಕೆಲಸವನ್ನು ಒಕ್ಕಲಿಗನಿಗೆ ಮನೆಯೂ ಊರೂ ಕೂಡಿ ಮಾಡಬೇಕು. ಅವನು ತಿರುಗಿ ಬಂದಾಗ ಅವನ ಒಕ್ಕಲುತನವು ಹೋದಾಗಿನ ಸ್ಥಿತಿಗಿಂತ ಕಡಿಮೆಯಾಗಿರಬಾರದು. ಇದು ಬರಿ ಉಪಕಾರದ ಮಾತಲ್ಲ. ಮೊದಲೇ ಗೊತ್ತುಮಾಡಿ, ಹೆಸರು ಬರೆದು, ದಿನ ಹಾಕಿ ಇಡಬೇಕಾದ ವ್ಯವಸ್ಥೆ. ನಮ್ಮ ಮನೆಯಲ್ಲಿ ನಾನು ಕೊಟ್ಟ ಧೈರ್ಯವೂ ಬರಿ ಮಾತಾಗಿತ್ತು, ಮಾಲಕರು ಬೆನ್ನು ತಟ್ಟಿದ್ದೂ ಬರಿ ಮಾತಾಗಿತ್ತು. ಎರಡೂ ಒಂದೇ ತೂಕದವು.

ಏನು ಮಾಡಬೇಕು?

ಇನ್ನು ಮಾಡತಕ್ಕ ಕೆಲಸಗಳನ್ನು ಒಂದೊಂದಾಗಿ ಹೇಳುತ್ತೇನೆ. ತರುಣರು ಬರೆದುಕೊಳ್ಳಲಿ.

ಮೊದಲನೆಯದು, ನೌಕರಿಯವನು ಮಾಡಬೇಕಾದದ್ದು. ಸೇರುವ ಮೊದಲೇ ಮಾಲಕರಿಗೆ ತಿಳಿಸಿ, ತಮ್ಮ ಅಡ್ಡಿಯಿಲ್ಲವೆಂದು ಬರೆಸಿಕೊಳ್ಳಿರಿ. ಕರೆ ಬಂದ ದಿನವೇ ರಜೆಯ ಅರ್ಜಿಯೊಡನೆ ಕರೆಯ ಕಾಗದದ ನಕಲು ಕೊಟ್ಟು, ಮುಟ್ಟಿದ ಸಹಿ ತೆಗೆದುಕೊಳ್ಳಿರಿ. ಪಗಾರದ ಚೀಟಿ, ಹಾಜರಿಯ ಗುರುತು, ಪ್ರಾವಿಡೆಂಟ್ ಫಂಡಿನ ಸಂಖ್ಯೆ ಇವು ಮನೆಯ ಪೆಟ್ಟಿಗೆಯಲ್ಲಿರಲಿ. ತಿರುಗಿ ಬಂದ ಮೇಲೆ ತಡಮಾಡದೆ, ಸೇವೆ ಮುಗಿದ ಪತ್ರದೊಡನೆ ಕೆಲಸಕ್ಕೆ ಹಾಜರಾಗಿರಿ. ಅಡ್ಡಿ ಬಂದರೆ ಜಗಳಕ್ಕೆ ನಿಲ್ಲದೆ ನಿಮ್ಮ ದಳದ ಅಧಿಕಾರಿಗೆ ಬರೆಯಿರಿ. ಧಾರವಾಡದಲ್ಲಿ ಸೈನಿಕ ಕಲ್ಯಾಣದ ಕಚೇರಿಯಿದೆ, ಅಲ್ಲಿಯೂ ವಿಚಾರಿಸಿರಿ.

ಎರಡನೆಯದು, ಒಕ್ಕಲಿಗನು ತನ್ನ ವರ್ಷವನ್ನು ದಳದವರಿಗೆ ತಿಳಿಸಬೇಕು. ನಮ್ಮ ಎರೆಹೊಲದ ಕೆಲಸದ ಲೆಕ್ಕ ನಿಮಗೆ ಗೊತ್ತೇ ಇದೆ. ಜೂನ್ ತಿಂಗಳಲ್ಲಿ ಹೆಸರು, ಸೋಯಾ, ಶೇಂಗಾ, ಗೋವಿನಜೋಳದ ಬಿತ್ತಿಗೆ. ಆಗಸ್ಟಿನಲ್ಲಿ ಹೆಸರಿನ ಸುಗ್ಗಿ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ತನಕ ಹಿಂಗಾರಿ ಜೋಳ, ಕಡಲೆ, ಗೋದಿ, ಕುಸುಬಿಯ ಬಿತ್ತಿಗೆ. ಜನವರಿಯಿಂದ ಮಾರ್ಚ್ ತನಕ ಕೊಯ್ಲು, ರಾಶಿ. ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡು ತಿಂಗಳು ಮಾತ್ರ ಕೈ ಸಡಿಲ. ತರಬೇತಿಯ ಕಾಲವನ್ನು ಗೊತ್ತುಮಾಡುವುದು ದಳದವರ ಅಧಿಕಾರ, ಅದರಲ್ಲಿ ನಮ್ಮ ಕೈಯಿಲ್ಲ. ಆದರೆ ನಮ್ಮ ಹಂಗಾಮು ಯಾವಾಗೆಂಬುದನ್ನು ಮುಂಚಿತವಾಗಿ ವಿನಯದಿಂದ ಬರೆದು ತಿಳಿಸಲು ಅಡ್ಡಿಯೇನೂ ಇಲ್ಲ.

ಮೂರನೆಯದು, ಬೆಳೆಯ ಆಯ್ಕೆ. ಕರೆಯ ಸುಳಿವಿದ್ದ ವರ್ಷ ಇಡೀ ಹೊಲಕ್ಕೆ ಮೆಣಸಿನಕಾಯಿ, ಹತ್ತಿಗಳನ್ನು ಹಾಕಬೇಡಿರಿ. ಇವು ತಿಂಗಳುಗಟ್ಟಲೆ ಆಳು ಬೇಡುವ ಬೆಳೆಗಳು, ಬಿಡಿಸಿದಂತೆಲ್ಲ ಮತ್ತೆ ಬಿಡಿಸಬೇಕು. ಹೆಸರನ್ನೇ ಹಾಕುವುದಾದರೆ ಕಾಯಿ ಹೆಚ್ಚುಕಡಿಮೆ ಒಟ್ಟಿಗೆ ಮಾಗುವ ತಳಿಯನ್ನು ಹಾಕಿರಿ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಜಿಜಿವಿ-2 ಎಂಬುದು ಅಂಥದು, ಸುಮಾರು 70 ದಿನಕ್ಕೆ ಬರುತ್ತದೆ. ಹಿಂಗಾರಿಯಲ್ಲಿ ಕಡಲೆ ಮತ್ತು ಬಿಳಿಜೋಳಗಳು ಮಾಲಕನಿಲ್ಲದ ಮನೆಗೆ ಒಪ್ಪುವ ಬೆಳೆಗಳು. ಹದಕ್ಕೆ ಬಿತ್ತಿ, ಬೀಜೋಪಚಾರ ಮಾಡಿ, ಒಂದೆರಡು ಸಲ ಎಡೆ ಹೊಡೆದರೆ ನೆಲದ ಹಸಿಯ ಮೇಲೆಯೇ ಬೆಳೆಯುತ್ತವೆ. ಕಡಲೆಗೆ ಹೂವಿನ ಹೊತ್ತಿನಲ್ಲಿ ಕಾಯಿಕೊರಕದ ಕಡೆಗೆ ಒಂದು ಕಣ್ಣಿರಬೇಕು, ಅಷ್ಟೆ.

ನಾಲ್ಕನೆಯದು, ಮುಯ್ಯಾಳು. ನಮ್ಮ ಹಳ್ಳಿಗಳಲ್ಲಿ ಇದು ಹಳೆಯ ರೂಢಿ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಕಾಲ ಬಂದ ಮೇಲೆ ಅದು ಕಡಿಮೆಯಾಗಿದೆ. ದಂಡಿಗೆ ಹೋಗುವವನ ಸಲುವಾಗಿ ಅದನ್ನು ಮತ್ತೆ ಹಚ್ಚೋಣ. ಐದು ಮನೆಗಳವರು ಕೂಡಲಿ. ಒಂದು ಹಾಳೆಯ ಮೇಲೆ ಬಿತ್ತಿಗೆ, ಎಡೆ, ಕಸ, ಸುಗ್ಗಿ, ರಾಶಿ ಎಂದು ಬರೆದು, ಪ್ರತಿಯೊಂದರ ಮುಂದೆ ಒಬ್ಬೊಬ್ಬರ ಹೆಸರು ಹಾಕಲಿ. ಅವನು ತಿರುಗಿ ಬಂದ ಮೇಲೆ ಅಷ್ಟೇ ದಿನಗಳನ್ನು ಅವರವರ ಹೊಲದಲ್ಲಿ ದುಡಿದು ಮುಯ್ಯಿ ತೀರಿಸಲಿ. ಋಣವೂ ಉಳಿಯುವುದಿಲ್ಲ, ಹಂಗೂ ಉಳಿಯುವುದಿಲ್ಲ. ಶಿಬಿರದಿಂದ ಬರುವ ಪಗಾರದಲ್ಲಿ ಮೊದಲ ಪಾಲು ಹೊಲದ ಖರ್ಚಿಗೆ ಎಂದು ಮನೆಯಲ್ಲಿ ನಿಶ್ಚಯವಾಗಿರಲಿ. ಟ್ರ್ಯಾಕ್ಟರು, ರಾಶಿಯ ಯಂತ್ರಗಳನ್ನು ಹೋಗುವ ಮೊದಲೇ ಹೇಳಿ ಇಡಿರಿ.

ಐದನೆಯದು, ಹೊಲದ ಕೀಲಿಯನ್ನು ಮನೆಯಾಕೆಯ ಕೈಗೆ ಕೊಡಿರಿ. ಮೈದುನನ ಕೈಗಲ್ಲ, ಗ್ರಾಮಸೇವಕನ ಕೈಗಂತೂ ಅಲ್ಲ! ಮೈದುನನಾಗಲಿ ನಾನಾಗಲಿ ಕೇಳಿದಾಗ ಸಲಹೆ ಕೊಡುತ್ತೇವೆ. “ನಾಳೆ ಬಿಡಿಸಬೇಕು” ಎಂಬ ತೀರ್ಮಾನವು ದಿನಾಲು ಹೊಲವನ್ನು ನೋಡುವವಳದಾಗಿರಲಿ. ಅದಕ್ಕೆ ಬೇಕಾದ ಅಧಿಕಾರವೂ ಅವಳಿಗಿರಲಿ. ಬ್ಯಾಂಕಿನ ಖಾತೆಯಲ್ಲಿ ಅವಳ ಹೆಸರು ಕೂಡಿಸಿರಿ. ಪಹಣಿ, ಬೆಳೆಸಾಲದ ಕಾಗದ, ಸಹಕಾರಿ ಸಂಘದ ಪುಸ್ತಕ ಇವು ಎಲ್ಲಿವೆ, ಕಂತು ಯಾವಾಗ ಎಂಬುದನ್ನು ತೋರಿಸಿ ಹೋಗಿರಿ. ದೀರ್ಘಕಾಲದ ಕರೆಯಾದರೆ ಒಂದು ಮುಖತ್ಯಾರ ಪತ್ರವನ್ನು ಮಾಡಿಕೊಡಿರಿ.

ಆರನೆಯದು, ಬೆಳೆವಿಮೆ. ಪ್ರಧಾನಮಂತ್ರಿ ಫಸಲ ಬಿಮಾ ಯೋಜನೆಯಲ್ಲಿ ಕಾಳುಕಡಿ ಎಣ್ಣೆಕಾಳುಗಳಿಗೆ ರೈತನ ಪಾಲು ಮುಂಗಾರಿಗೆ ಶೇಕಡಾ 2, ಹಿಂಗಾರಿಗೆ ಶೇಕಡಾ 1.5. ಆಣೆಕಲ್ಲು ಬಿದ್ದರೆ ಅಥವಾ ಹೊಲದಲ್ಲಿ ನೀರು ನಿಂತು ಬೆಳೆ ಕೆಟ್ಟರೆ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಒಣಗಲು ಹರಡಿದ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಸಿಕ್ಕರೂ ಹಾಗೆಯೇ. ಶಿಬಿರದಲ್ಲಿದ್ದವನು 72 ಗಂಟೆಯಲ್ಲಿ ಬಂದು ತಿಳಿಸಲಾರ. ಯಾರು ಫೋನು ಮಾಡಬೇಕು, ಯಾವ ಸಂಖ್ಯೆಗೆ ಮಾಡಬೇಕು ಎಂಬುದನ್ನು ಗೋಡೆಯ ಮೇಲೆ ಬರೆದಿಟ್ಟು ಹೋಗಿರಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದ ಬೆಳೆ ಸರಿಯಾಗಿ ದಾಖಲಾಯಿತೋ ಇಲ್ಲವೋ ನೋಡುವ ಕೆಲಸವನ್ನೂ ಒಬ್ಬರಿಗೆ ವಹಿಸಿರಿ.

ಏಳನೆಯದು, ಲಾವಣಿಯ ಮಾತು. “ಎರಡು ತಿಂಗಳು ಇರೂದಿಲ್ಲ, ವರ್ಷದ ಲಾವಣಿಗೆ ಹಾಕಿಬಿಡತೀನಿ” ಎಂದು ಅವಸರ ಮಾಡಬೇಡಿರಿ. ಕರ್ನಾಟಕದ ಭೂಸುಧಾರಣೆ ಕಾಯಿದೆಯು 1974ರ ಮಾರ್ಚ್ 1ರಿಂದ ಹೊಲ ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಆದರೆ ಅದರ 5ನೆಯ ಕಲಮಿನಲ್ಲಿ ಸೈನಿಕನಿಗೆ ವಿನಾಯಿತಿಯಿದೆ. ಸೇವೆಯಲ್ಲಿರುವಾಗ ಅಥವಾ ಸೇವೆಗೆ ಸೇರುವ ಹಿಂದಿನ ಮೂರು ತಿಂಗಳೊಳಗೆ ಕೊಟ್ಟ ಗೇಣಿಗೆ ಅದು ಅನ್ವಯಿಸುತ್ತದೆ. ಸೇವೆ ಮುಗಿದ ಮೇಲೆ ಹೊಲವನ್ನು ತಿರುಗಿ ಪಡೆಯಲು 15ನೆಯ ಕಲಮು ಇದೆ. ಒಬ್ಬನು ಸೈನಿಕನೋ ಅಲ್ಲವೋ ಎಂಬ ಪ್ರಶ್ನೆ ಎದ್ದರೆ ಅದನ್ನು ತೀರ್ಮಾನಿಸುವುದು ರಾಜ್ಯ ಸರಕಾರ. ವರ್ಷಕ್ಕೆ ಎರಡು ತಿಂಗಳ ತರಬೇತಿಗೆ ಹೋಗುವವನು ಈ ಗೊಂದಲಕ್ಕೆ ಏಕೆ ಸಿಕ್ಕಬೇಕು? ಅವನಿಗೆ ಮುಯ್ಯಾಳೇ ಸಾಕು. ವರ್ಷಗಟ್ಟಲೆ ಸೇವೆಗೆ ತೊಡಗಿಸಿದ್ದಾದರೆ ಮಾತ್ರ, ಮೊದಲು ತಹಶೀಲದಾರರ ಕಚೇರಿಯಲ್ಲಿ ವಿಚಾರಿಸಿ, ತರುವಾಯ ಕಾಗದ ಮಾಡಿರಿ. ಬಾಯಿಮಾತಿನ ಲಾವಣಿ ಬೇಡ.

ಹುಡುಗರ ಪ್ರಶ್ನೆಗೆ ಉತ್ತರ

ಈಗ ಆ ಇಬ್ಬರು ಹುಡುಗರ ಪ್ರಶ್ನೆಗೆ ಬರುತ್ತೇನೆ. ಹೋಗಬೇಕೋ ಬೇಡವೋ? ಹೋಗಿರಿ ಎಂದೇ ನನ್ನ ಉತ್ತರ. ಆದರೆ ಭರ್ತಿಯ ದಿನ ಮೈದಾನದಲ್ಲಿ ಓಡುವ ಮೊದಲು ಮನೆಯಲ್ಲಿ ಒಂದು ರಾತ್ರಿ ಕೂತು ಮಾತಾಡಿರಿ. ಕಾರಖಾನೆಯ ಹುಡುಗನು ಮಾಲಕರಿಂದ ಒಂದು ಕಾಗದ ತರಲಿ. ಹೊಲದ ಹುಡುಗನು ಐದು ಮನೆಗಳವರ ಹೆಸರುಗಳಿರುವ ಒಂದು ಕಾಗದ ತರಲಿ. ಎರಡು ಕಾಗದಗಳಿಗೂ ಬೆಲೆ ಒಂದೇ. ಅಂಥ ಕಾಗದ ದೊರೆಯದಿದ್ದರೆ ಇನ್ನೊಂದು ವರ್ಷ ತಡೆಯಿರಿ. ಈ ಸೇನೆಗೆ 42 ವಯಸ್ಸಿನ ತನಕ ಸೇರಬಹುದು, ಬಾಗಿಲು ಇಂದೇ ಮುಚ್ಚುವುದಿಲ್ಲ. ಭರ್ತಿ ಮಾಡಿಸುತ್ತೇನೆಂದು ಹಣ ಕೇಳುವ ದಲಾಲಿಗಳ ಕಡೆಗೆ ಮಾತ್ರ ಹೋಗಬೇಡಿರಿ.

ಊರಿನ ಹಿರಿಯರಲ್ಲಿಯೂ ಒಂದು ವಿನಂತಿ. ಹುಡುಗನು ಸಮವಸ್ತ್ರ ತೊಟ್ಟು ಹೊರಟಾಗ ನಾವು ಮಾಲೆ ಹಾಕುತ್ತೇವೆ, ಹಲಗೆ ಬಾರಿಸುತ್ತೇವೆ. ಅದು ಒಂದು ತಾಸಿನ ಕೆಲಸ. ಅವನ ಹೊಲದಲ್ಲಿ ಕಸ ತೆಗೆಯುವುದು ನಾಲ್ಕು ದಿನದ ಕೆಲಸ. ಅವನಿಗೆ ಬೇಕಾದದ್ದು ಎರಡನೆಯದು. 1965ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಜವಾನನಿಗೂ ಕಿಸಾನನಿಗೂ ಜೈ ಎಂದರು. ನಾವು ಹೇಳುವ ಈ ಹುಡುಗನಲ್ಲಿ ಜವಾನನೂ ಕಿಸಾನನೂ ಕೂಡಿ ಒಬ್ಬನೇ ಆಗಿದ್ದಾನೆ. ಅವನೊಳಗಿನ ಜವಾನನನ್ನು ಸೇನೆ ನೋಡಿಕೊಳ್ಳುತ್ತದೆ. ಕಿಸಾನನನ್ನು ನೋಡಿಕೊಳ್ಳಬೇಕಾದವರು ನಾವು.

ಕೊನೆಗೆ ನಮ್ಮ ಮನೆಯ ಮಾತು ಒಂದಿಷ್ಟು. ಹೆಸರು ಕೆಟ್ಟ ಆ ವರ್ಷ ಅಣ್ಣ ಸೆಪ್ಟೆಂಬರಿನಲ್ಲಿ ಮನೆಗೆ ಬಂದ. ಚೀಲ ಇಳಿಸಿ ನೆಟ್ಟಗೆ ಹೊಲಕ್ಕೆ ಹೋದ. ತಿರುಗಿ ಬಂದು ನನ್ನ ಕಡೆಗೆ ನೋಡದೆ ವೈನಿಯನ್ನು ಕೇಳಿದ, “ಕಡ್ಲಿ ಬಿತ್ತಾಕ ಹಸಿ ಐತೇನು?” ವೈನಿ, “ಐತಿ. ಬೀಜ ತಂದಿಟ್ಟೀನಿ. ಕೂರಿಗಿ ಹೇಳೀನಿ” ಎಂದರು. ಅಲ್ಲಿಂದೀಚೆಗೆ ಅಣ್ಣನಿಗೆ ಕರೆ ಬಂದಾಗಲೆಲ್ಲ ನಮ್ಮ ಮನೆಯ ಬಾಗಿಲ ಹಿಂದೆ ಒಂದು ಹಾಳೆ ತೂಗುತ್ತದೆ. ಅದರಲ್ಲಿ ಐದು ಮನೆಯವರ ಹೆಸರುಗಳಿವೆ. ನನ್ನ ಹೆಸರೂ ಇದೆ, ಎಡೆ ಹೊಡೆಯುವ ಕೆಲಸದ ಮುಂದೆ. ಸುಗ್ಗಿಯ ಮುಂದೆ ನನ್ನ ಹೆಸರು ಇಲ್ಲ. ಅದು ನ್ಯಾಯವೇ.

ಆ ಹಾಳೆಯ ನಕಲುಗಳನ್ನು ತಂದಿದ್ದೇನೆ. ಸಭೆ ಮುಗಿದ ಮೇಲೆ ಬೇಕಾದವರು ತೆಗೆದುಕೊಳ್ಳಿರಿ. ತುಂಬುವಾಗ ಮನೆಯ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ತುಂಬಿರಿ.